ಓದಲು ಆಸ್ಟ್ರೇಲಿಯಾಕ್ಕೆ ಬಂದಿಳಿದಿರಾ? ಮೊದಲ ಆರು ವಾರ ಯಾವ ಕೆಲಸ, ಯಾವ ಕ್ರಮದಲ್ಲಿ

ಫೆಬ್ರವರಿ ಅಥವಾ ಜುಲೈ ಹತ್ತಿರ ಬಂದರೆ ಸಾಕು, ಅವೇ ಪ್ರಶ್ನೆಗಳು ಶುರುವಾಗುತ್ತವೆ. "ಊರಿಂದಲೇ ರೂಮ್ ಬುಕ್ ಮಾಡಿಬಿಡಲಾ?" "ಇಳಿದ ವಾರವೇ ಕೆಲಸ ಸಿಗುತ್ತಾ?" "ಚಟ್ನಿಪುಡಿ ತರಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಟ್ಟಿಗೆ ಇಲ್ಲಿ ಹಾಕಿದ್ದೇನೆ. ವೀಸಾ ಬಂದು, ಟಿಕೆಟ್ ಕೊಂಡು, ತೆರೆದ ಸೂಟ್‌ಕೇಸ್ ಮುಂದೆ ಕೂತಿರುವವರಿಗೆ ಇದು. ಯಾವ ಯೂನಿವರ್ಸಿಟಿ, ಯಾವ ಕೋರ್ಸ್ ಅನ್ನುವ ಚರ್ಚೆ ಇಲ್ಲಿಲ್ಲ.

ಶುರುವಿನಲ್ಲಿ ಎಡವುವವರಲ್ಲಿ ಹೆಚ್ಚಿನವರು ಕ್ರಮ ತಪ್ಪಿದವರು. ಫೋನ್ ನಂಬರ್ ಇಲ್ಲದೆ ಬ್ಯಾಂಕ್ ಕೆಲಸ ಮುಂದೆ ಹೋಗುವುದಿಲ್ಲ. ವಿಳಾಸ ಇಲ್ಲದೆ ತೆರಿಗೆ ನಂಬರಿನ ಪತ್ರ ಕೈಸೇರುವುದಿಲ್ಲ. ಆ ನಂಬರ್ ಇಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದ ಅರ್ಧದಷ್ಟು ಮೊದಲೇ ಕಡಿತ. ಹಾಗಾಗಿ ಸಣ್ಣಪುಟ್ಟ ಕಾಗದದ ಕೆಲಸಗಳನ್ನು ಬೇಗ ಮುಗಿಸಿಕೊಳ್ಳಿ. ದೊಡ್ಡ ಮೊತ್ತಕ್ಕೆ ಸಹಿ ಹಾಕುವ ಕೆಲಸಗಳನ್ನು ಮಾತ್ರ ಬೇಕಂತಲೇ ನಿಧಾನ ಮಾಡಿ.

ಹೊರಡುವ ಮುನ್ನ

ಪಾಸ್‌ಪೋರ್ಟಿನ ಜೊತೆ ಈ ಪತ್ರಗಳು ಕೈಚೀಲದಲ್ಲಿ ಇರಲಿ, ಫೋನಿನಲ್ಲೂ ಒಂದು ಪ್ರತಿ ಇರಲಿ: ವೀಸಾ ಮಂಜೂರಾದ ಪತ್ರ, ಸಿಒಇ, ಅಂದರೆ ನೀವು ಕೋರ್ಸಿಗೆ ಸೇರಿದ್ದೀರಿ ಎಂದು ಯೂನಿವರ್ಸಿಟಿ ಕೊಡುವ ದೃಢೀಕರಣ, ಒಎಸ್‌ಎಚ್‌ಸಿ, ಅಂದರೆ ವಿದೇಶಿ ವಿದ್ಯಾರ್ಥಿಗಳಿಗೆ ಕಡ್ಡಾಯವಾದ ಆರೋಗ್ಯ ವಿಮೆಯ ಪತ್ರ, ಮಾರ್ಕ್ಸ್ ಕಾರ್ಡ್‌ಗಳು, ಸಾಲ ಮಾಡಿದ್ದರೆ ಬ್ಯಾಂಕಿನ ಮಂಜೂರಾತಿ ಪತ್ರ. ಕೊನೆಯದು ಮನೆ ಹುಡುಕುವಾಗ ಉಪಯೋಗಕ್ಕೆ ಬರುತ್ತದೆ, ಕೆಳಗೆ ಹೇಳುತ್ತೇನೆ.

ವೀಸಾ ಪತ್ರವನ್ನು ಕೂತು ಪೂರ್ತಿ ಓದಿ. ವಿದ್ಯಾರ್ಥಿ ವೀಸಾಕ್ಕೆ ಇಲ್ಲಿ ಸಬ್‌ಕ್ಲಾಸ್ 500 ಅಂತಾರೆ. ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಇರುವುದಿಲ್ಲ, ಎಲ್ಲ ಆನ್‌ಲೈನ್. ವೀವೊ ಎನ್ನುವ ಸರ್ಕಾರಿ ತಾಣದಲ್ಲಿ ನಿಮ್ಮ ವೀಸಾ ಸ್ಥಿತಿ, ಷರತ್ತುಗಳನ್ನು ಯಾವಾಗ ಬೇಕಾದರೂ ನೋಡಬಹುದು. ಪತ್ರದಲ್ಲಿ ನಾಲ್ಕಂಕಿಯ ಷರತ್ತುಗಳ ಪಟ್ಟಿ ಇರುತ್ತದೆ. ನಾಲ್ಕನ್ನು ನೆನಪಿಟ್ಟುಕೊಳ್ಳಿ. 8105 ಕೆಲಸದ ಗಂಟೆಗಳ ಮಿತಿ. 8202 ಓದನ್ನು ಸರಿಯಾಗಿ ಮುಂದುವರಿಸುವುದು. 8501 ವಿಮೆ ತಪ್ಪದಂತೆ ನೋಡಿಕೊಳ್ಳುವುದು. 8533 ನಿಮ್ಮ ವಿಳಾಸವನ್ನು ಯೂನಿವರ್ಸಿಟಿಗೆ ತಿಳಿಸುವುದು.

ಸಾಮಾನಿನ ವಿಷಯ ಚುಟುಕಾಗಿ. ಇಲ್ಲಿನ ಪ್ಲಗ್ ಪಾಯಿಂಟಿನ ಆಕಾರ ಬೇರೆ, ವೋಲ್ಟೇಜ್ ನಮ್ಮದೇ 230. ಅಡಾಪ್ಟರ್ ಇದ್ದರೆ ನಿಮ್ಮ ಚಾರ್ಜರ್ ನಡೆಯುತ್ತದೆ. ಕುಕ್ಕರ್ ತರುವುದಾದರೆ ಇಂಡಕ್ಷನ್ ಒಲೆಗೆ ಹೊಂದುವ ತಳ ಇರುವುದನ್ನೇ ತನ್ನಿ. ಇಲ್ಲಿ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಗ್ಯಾಸ್ ಇರುವುದಿಲ್ಲ, ಬರೀ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯಾಗುವುದೇ ಇಲ್ಲ. ಕನ್ನಡಕ ಹಾಕುವವರು ಎರಡು ಜೊತೆ ತನ್ನಿ, ಹಲ್ಲಿನ ಕೆಲಸ ಬಾಕಿಯಿದ್ದರೆ ಊರಲ್ಲೇ ಮುಗಿಸಿ ಬನ್ನಿ. ಇವೆರಡನ್ನೂ ಮಾಮೂಲಿ ವಿದ್ಯಾರ್ಥಿ ವಿಮೆ ನೋಡಿಕೊಳ್ಳುವುದಿಲ್ಲ. ಜುಲೈನಲ್ಲಿ ಬರುವವರೇ, ಅದು ಇಲ್ಲಿ ನಡುಚಳಿಗಾಲ. ಕ್ಯಾನ್‌ಬೆರಾದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮೆಲ್ಬರ್ನಿನ ಹಳೆಯ ಮನೆಗಳಲ್ಲಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ ಅನ್ನಿಸುವುದುಂಟು.

ಹಂತ 1: ಏರ್‌ಪೋರ್ಟಿನಲ್ಲಿ ಸುಳ್ಳು ಬೇಡ

ಆಸ್ಟ್ರೇಲಿಯಾ ಹೊರಗಿನ ಕೀಟ, ರೋಗ, ಬೀಜಗಳ ವಿಷಯದಲ್ಲಿ ಬಹಳ ಬಿಗಿ. ಇದಕ್ಕೆ ಬಯೋಸೆಕ್ಯುರಿಟಿ ಅಂತಾರೆ. ಇಳಿಯುವ ಮುನ್ನ ತುಂಬುವ ಪ್ರಯಾಣಿಕರ ಘೋಷಣೆಯಲ್ಲಿ ಆಹಾರ, ಗಿಡಮೂಲಿಕೆ, ಪ್ರಾಣಿಜನ್ಯ ವಸ್ತು, ಔಷಧಿ ಇದೆಯೇ ಎಂದು ಕೇಳುತ್ತಾರೆ. ಏನೇ ಇದ್ದರೂ "ಹೌದು" ಅನ್ನಿ. ಹೌದು ಅಂದು ತೋರಿಸಿದರೆ, ಹೆಚ್ಚೆಂದರೆ ಆ ಪೊಟ್ಟಣ ಕಸದ ಬುಟ್ಟಿಗೆ ಹೋಗುತ್ತದೆ. ಇಲ್ಲ ಅಂದು ಸಿಕ್ಕಿಬಿದ್ದರೆ ಸ್ಥಳದಲ್ಲೇ ದೊಡ್ಡ ದಂಡ, ವೀಸಾ ರದ್ದು ಮಾಡುವ ಅವಕಾಶವೂ ಕಾನೂನಿನಲ್ಲಿದೆ.

ತಾಜಾ ಕರಿಬೇವು, ಹಣ್ಣು, ತರಕಾರಿ, ಬಿತ್ತುವ ಬೀಜ, ದೇವಸ್ಥಾನದ ಹೂವು ಯಾವುದೂ ಬೇಡ. ಧಾರವಾಡ ಪೇಡ, ಬೆಳಗಾವಿ ಕುಂದಾದಂಥ ಹಾಲಿನ ಸಿಹಿಗಳನ್ನೂ ಬಿಟ್ಟು ಬನ್ನಿ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ತರುವುದಾದರೆ ಮನೆಯಲ್ಲಿ ಕಟ್ಟಿದ ಪೊಟ್ಟಣಕ್ಕಿಂತ ಲೇಬಲ್ ಇರುವ ಅಂಗಡಿಯ ಪ್ಯಾಕೆಟ್ ಆದರೆ ಅಧಿಕಾರಿಗೆ ನೋಡಲು ಸುಲಭ. ಅದನ್ನೂ ಘೋಷಿಸಲೇಬೇಕು. ಯಾವುದು ನಡೆಯುತ್ತೆ, ಯಾವುದು ಇಲ್ಲ ಎಂಬುದನ್ನು ಬೈಕಾನ್ ಎನ್ನುವ ಸರ್ಕಾರಿ ತಾಣದಲ್ಲಿ ಒಂದೊಂದಾಗಿ ಹುಡುಕಿ ನೋಡಬಹುದು. ಪೆಟ್ಟಿಗೆಯನ್ನು ನೀವೇ ಕಟ್ಟಿ. ಅಮ್ಮ ಕೊನೇ ಗಳಿಗೆಯಲ್ಲಿ ಬಟ್ಟೆಯ ಮಧ್ಯೆ ತುರುಕಿದ ಪ್ರಸಾದಕ್ಕೂ ಸಹಿ ಹಾಕುವವರು ನೀವೇ ಅಲ್ವಾ?

ಔಷಧಿಗೆ ಡಾಕ್ಟರ್ ಚೀಟಿ ಇರಲಿ, ಮೂರು ತಿಂಗಳಿಗೆ ಆಗುವಷ್ಟಕ್ಕಿಂತ ಜಾಸ್ತಿ ಬೇಡ. 10,000 ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ನಗದು ಇದ್ದರೆ ಅದನ್ನೂ ಘೋಷಿಸಬೇಕು. ಅಷ್ಟು ನಗದು ತರುವ ಅಗತ್ಯ ಯಾರಿಗೂ ಇಲ್ಲ ಬಿಡಿ. ಕೆಲವು ನೂರು ಡಾಲರ್ ಮತ್ತು ಒಂದು ಫಾರೆಕ್ಸ್ ಕಾರ್ಡ್ ಸಾಕು.

ಹಂತ 2: ಮೊದಲ ಮೂರ್ನಾಲ್ಕು ದಿನ — ಸಿಮ್, ಬ್ಯಾಂಕ್, ವಿಳಾಸ

ಸಿಮ್‌ಗಿಂತ ಮೊದಲು ಫೋನಿನ ವಿಷಯ. 2024ರಲ್ಲಿ ಇಲ್ಲಿ 3ಜಿ ಪೂರ್ತಿ ನಿಂತುಹೋಯಿತು. ಈಗ ಕರೆಗಳೂ 4ಜಿ, 5ಜಿ ಮೇಲೆಯೇ ಹೋಗಬೇಕು. ಆ ಜಾಲದಲ್ಲಿ ತುರ್ತು ನಂಬರ್ 000ಕ್ಕೆ ಕರೆ ಮಾಡಲಾಗದ ಫೋನುಗಳನ್ನು ಕಂಪನಿಗಳು ತಡೆಹಿಡಿಯಬೇಕೆಂಬ ನಿಯಮ ಇದೆ. ಬೇರೆ ದೇಶದಲ್ಲಿ ಕೊಂಡ ಕೆಲವು ಮಾದರಿಗಳು ಇದರಲ್ಲಿ ಸಿಕ್ಕಿಕೊಳ್ಳುತ್ತವೆ. ಇಂಟರ್ನೆಟ್ ಚೆನ್ನಾಗಿ ನಡೆಯುತ್ತಿದ್ದರೂ ಹೀಗಾಗಬಹುದು. ಆದ್ದರಿಂದ ಊರಲ್ಲಿ ಹೊಸ ಫೋನ್ ಕೊಳ್ಳುವ ಮುನ್ನ ಅದರ ಮಾದರಿ ಇಲ್ಲಿ ನಡೆಯುತ್ತದೆಯೇ ಎಂದು ಟೆಲ್‌ಸ್ಟ್ರಾ, ಆಪ್ಟಸ್ ಅಥವಾ ವೊಡಾಫೋನ್ ತಾಣದಲ್ಲಿ ನೋಡಿ. ಜಾಲಗಳು ಈ ಮೂರೇ. ಉಳಿದ ಅಗ್ಗದ ಬ್ರ್ಯಾಂಡ್‌ಗಳೆಲ್ಲ ಇವುಗಳ ಮೇಲೆಯೇ ನಡೆಯುತ್ತವೆ. ನಗರದಲ್ಲೇ ಇರುವವರಿಗೆ ಅಗ್ಗದ್ದೇ ಸಾಕು. ಊರಾಚೆಯ ಕ್ಯಾಂಪಸ್ ಆದರೆ ಟೆಲ್‌ಸ್ಟ್ರಾ ಜಾಲದ್ದು ತಗೊಳ್ಳಿ. ಪ್ರೀಪೇಯ್ಡ್ ಪ್ಲಾನ್ ಸಾಮಾನ್ಯವಾಗಿ 28 ದಿನದ್ದು. ಎರಡು ವರ್ಷದ ಒಪ್ಪಂದಕ್ಕೆ ಈಗಲೇ ಹೋಗಬೇಡಿ. ಫೋನ್ ಸತ್ತುಹೋದರೆ ಗಾಬರಿ ಬೇಡ, ರಸ್ತೆ ಬದಿಯ ಟೆಲ್‌ಸ್ಟ್ರಾ ಫೋನ್ ಬೂತಿನಿಂದ ದೇಶದೊಳಗಿನ ಕರೆಗಳು 2021ರಿಂದ ಉಚಿತ.

ಭಾರತದ ಸಿಮ್ ಬಿಸಾಡಬೇಡಿ. ನಿಮ್ಮ ಊರಿನ ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ರೋಮಿಂಗ್‌ನಲ್ಲಿ ಮೆಸೇಜ್ ಬರುವ ಹಾಗೆ ಮಾಡಿಕೊಂಡು, ಕನಿಷ್ಠ ರೀಚಾರ್ಜ್‌ನಲ್ಲಿ ಜೀವಂತ ಇಟ್ಟಿರಿ.

ಬ್ಯಾಂಕ್ ಖಾತೆಯನ್ನು ಊರಿನಿಂದಲೇ ಆನ್‌ಲೈನ್‌ನಲ್ಲಿ ಶುರುಮಾಡಲು ಇಲ್ಲಿನ ದೊಡ್ಡ ಬ್ಯಾಂಕುಗಳು ಅವಕಾಶ ಕೊಡುತ್ತವೆ. ಬಂದ ಮೇಲೆ ಪಾಸ್‌ಪೋರ್ಟ್ ಹಿಡಿದು ಬ್ರ್ಯಾಂಚಿಗೆ ಹೋದರೆ ಖಾತೆ ಪೂರ್ತಿ ತೆರೆಯುತ್ತದೆ. ಕಾಮನ್‌ವೆಲ್ತ್, ವೆಸ್ಟ್‌ಪ್ಯಾಕ್, ಎನ್‌ಎಬಿ, ಎಎನ್‌ಝಡ್ ನಾಲ್ಕರಲ್ಲಿ ಯಾವುದಾದರೂ ಸರಿ, ತಿಂಗಳ ಶುಲ್ಕ ಇಲ್ಲದ ಖಾತೆ ಕೇಳಿ. ನಿಮಗೆ ಎರಡು ಸಂಖ್ಯೆ ಸಿಗುತ್ತವೆ. ಆರಂಕಿಯ ಬಿಎಸ್‌ಬಿ, ಇದು ನಮ್ಮ ಐಎಫ್‌ಎಸ್‌ಸಿ ಥರ. ಮತ್ತೊಂದು ಖಾತೆ ಸಂಖ್ಯೆ. ಪೇಐಡಿ ಅಂದರೆ ಫೋನ್ ನಂಬರನ್ನೇ ಖಾತೆಗೆ ಜೋಡಿಸುವ ಸೌಲಭ್ಯ. ಯುಪಿಐ ಬಳಸಿ ಬಂದವರಿಗೆ ವಿವರಿಸುವುದೇ ಬೇಡ.

ವಿಳಾಸ ಮರೆಯಬೇಡಿ. ಇಳಿದು 7 ದಿನದೊಳಗೆ ಎಲ್ಲಿ ಉಳಿದಿದ್ದೀರಿ ಎಂದು ಯೂನಿವರ್ಸಿಟಿಯ ಪೋರ್ಟಲ್‌ನಲ್ಲಿ ಹಾಕಬೇಕು. ಮನೆ ಬದಲಿಸಿದಾಗಲೂ 7 ದಿನ. ತಾತ್ಕಾಲಿಕ ಜಾಗ ಆದರೂ ಸರಿ, ಹಾಕಿ. ಐದು ನಿಮಿಷದ ಕೆಲಸ, ಆದರೆ ಇದು ವೀಸಾ ಷರತ್ತು.

ಬಸ್ಸು ರೈಲಿಗೆ ಸಿಡ್ನಿಯಲ್ಲಿ ಓಪಲ್, ಮೆಲ್ಬರ್ನಿನಲ್ಲಿ ಮೈಕಿ, ಬ್ರಿಸ್ಬೇನಿನಲ್ಲಿ ಗೋ ಕಾರ್ಡ್, ಪರ್ತ್‌ನಲ್ಲಿ ಸ್ಮಾರ್ಟ್‌ರೈಡರ್. ಬ್ರಿಸ್ಬೇನಿನವರು ಪುಣ್ಯವಂತರು. ಕ್ವೀನ್ಸ್‌ಲ್ಯಾಂಡಿನಲ್ಲಿ 2024ರ ಆಗಸ್ಟ್‌ನಿಂದ ಪ್ರಯಾಣಕ್ಕೆ 50 ಸೆಂಟ್ ಮಾತ್ರ. ಮೆಲ್ಬರ್ನಿನ ನಗರ ಮಧ್ಯದಲ್ಲಿ ಟ್ರಾಮ್ ಉಚಿತ. ಒಂದು ಎಚ್ಚರಿಕೆ: ವಿದ್ಯಾರ್ಥಿ ಅಂದ ತಕ್ಷಣ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಪ್ರತಿ ರಾಜ್ಯದ ನಿಯಮ ಬೇರೆ. ನಿಮಗೆ ಹಕ್ಕಿಲ್ಲದ ರಿಯಾಯಿತಿ ಕಾರ್ಡಿನಲ್ಲಿ ಓಡಾಡಿ ಸಿಕ್ಕಿಬಿದ್ದರೆ, ಉಳಿಸಿದ ದುಡ್ಡಿಗಿಂತ ದಂಡವೇ ಎಷ್ಟೋ ಪಾಲು ಜಾಸ್ತಿ.

ಹಂತ 3: ಮನೆ — ಇಲ್ಲಿ ಅವಸರ ಬೇಡವೇ ಬೇಡ

ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಊರಿನಿಂದ ಎರಡು ಮೂರು ವಾರಕ್ಕೆ ಮಾತ್ರ ಜಾಗ ಬುಕ್ ಮಾಡಿ. ಹಾಸ್ಟೆಲ್, ಯೂನಿವರ್ಸಿಟಿಯ ತಾತ್ಕಾಲಿಕ ವಸತಿ, ಪರಿಚಯದವರ ಮನೆ, ಏನಾದರೂ ಸರಿ. ಒಂದು ವರ್ಷದ ಕರಾರಿಗೆ ಮನೆ ನೋಡದೆ ಸಹಿ ಹಾಕಬೇಡಿ. ಕರಾರಿನ ಅವಧಿ ಮುಗಿಯುವ ಮುನ್ನ ಬಿಟ್ಟರೆ ಕೈಯಿಂದ ದುಡ್ಡು ಕಟ್ಟಬೇಕಾಗುತ್ತದೆ.

ಇಲ್ಲಿ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ. ವಾರಕ್ಕೆ 300 ಡಾಲರ್ ಅಂದರೆ ತಿಂಗಳಿಗೆ 1,200 ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ತಪ್ಪು. ವರ್ಷಕ್ಕೆ 52 ವಾರ, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,300. ಆ ನೂರು ಡಾಲರ್ ಪ್ರತಿ ತಿಂಗಳೂ ಬಜೆಟ್ಟನ್ನು ತೂತು ಮಾಡುತ್ತದೆ.

ಬಾಂಡ್ ಅಂದರೆ ಠೇವಣಿ. ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆಯಷ್ಟು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಕಮ್ಮಿ ಅನ್ನಿಸಬಹುದು. ಇನ್ನೊಂದು ವ್ಯತ್ಯಾಸವೂ ಇದೆ: ಈ ದುಡ್ಡು ಮಾಲೀಕರ ಬಳಿ ಉಳಿಯುವಂತಿಲ್ಲ, ರಾಜ್ಯದ ಸಂಸ್ಥೆಯಲ್ಲಿ ಇಡಬೇಕು. ವಿಕ್ಟೋರಿಯಾದಲ್ಲಿ ಆರ್‌ಟಿಬಿಎ, ಕ್ವೀನ್ಸ್‌ಲ್ಯಾಂಡಿನಲ್ಲಿ ಆರ್‌ಟಿಎ, ನ್ಯೂ ಸೌತ್ ವೇಲ್ಸ್‌ನಲ್ಲಿ ರೆಂಟಲ್ ಬಾಂಡ್ಸ್ ಆನ್‌ಲೈನ್. ಅಲ್ಲಿಂದ ನಿಮಗೆ ದೃಢೀಕರಣ ಬರಬೇಕು. ಬರಲಿಲ್ಲ ಅಂದರೆ ಕೇಳಿ.

ವಿದ್ಯಾರ್ಥಿಗಳು ಹೆಚ್ಚಾಗಿ ಇಡೀ ಮನೆ ತಗೊಳ್ಳುವುದಿಲ್ಲ, ಈಗಾಗಲೇ ಯಾರೋ ಬಾಡಿಗೆಗೆ ಹಿಡಿದಿರುವ ಮನೆಯಲ್ಲಿ ಒಂದು ರೂಮ್ ಸೇರುತ್ತಾರೆ. ಮೋಸ, ಜಗಳ ಎರಡೂ ಹುಟ್ಟುವುದು ಇಲ್ಲೇ. ನಮ್ಮ ಭಾಷೆಯವರೇ, ನಮ್ಮ ಊರಿನವರೇ ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ಬಾಡಿಗೆ ಎಷ್ಟು, ಕರೆಂಟ್ ಮತ್ತು ಇಂಟರ್ನೆಟ್ ಸೇರಿದೆಯೇ, ಮನೆಯಲ್ಲಿ ಒಟ್ಟು ಎಷ್ಟು ಜನ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಇವಿಷ್ಟನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಮೆಸೇಜಿನಲ್ಲಿ ಬರೆದರೂ ಪರವಾಗಿಲ್ಲ. ದುಡ್ಡನ್ನು ಬ್ಯಾಂಕಿನಿಂದಲೇ ಕಳಿಸಿ, ಗುರುತು ಉಳಿಯುತ್ತದೆ.

ನೋಡಲು ಹೋದಾಗ ನಲ್ಲಿ ತಿರುಗಿಸಿ, ಹೀಟರ್ ಹಾಕಿ, ಕಪಾಟಿನ ಹಿಂದೆ ಬೂಷ್ಟು ಹಿಡಿದಿದೆಯೇ ಬಗ್ಗಿ ನೋಡಿ. ಜಾಹೀರಾತಿನಲ್ಲಿ ರೂಮ್ ಎಂದಿದ್ದು ಹೋಗಿ ನೋಡಿದರೆ ಪರದೆ ಕಟ್ಟಿದ ಹಾಲ್ ಆಗಿರುವುದುಂಟು. ರಾತ್ರಿ ಹತ್ತರ ಮೇಲೆ ಸ್ಟೇಷನ್ನಿನಿಂದ ಒಮ್ಮೆ ನಡೆದು ನೋಡಿ, ಹಗಲಲ್ಲಿ ಕಂಡ ದಾರಿಯೇ ಬೇರೆ ಥರ ಕಾಣಬಹುದು.

"ನಾನು ಸದ್ಯ ಹೊರದೇಶದಲ್ಲಿದ್ದೇನೆ, ದುಡ್ಡು ಕಳಿಸಿದರೆ ಬೀಗದ ಕೈ ಕೊರಿಯರ್ ಮಾಡುತ್ತೇನೆ" ಅಂದರೆ ಅದು ಮೋಸವೇ. ಇನ್ನೊಮ್ಮೆ ಯೋಚಿಸುವುದೇ ಬೇಡ. ನೀವಾಗಲಿ, ನೀವು ನಂಬಿದವರಾಗಲಿ ಒಳಗೆ ಕಾಲಿಟ್ಟು ನೋಡುವವರೆಗೂ ಒಂದು ಡಾಲರ್ ಕಳಿಸಬೇಡಿ.

ಏಜೆಂಟ್ ಮೂಲಕ ಇಡೀ ಮನೆ ಕೇಳುವವರಿಗೆ ಹಿಂದಿನ ಬಾಡಿಗೆ ದಾಖಲೆ, ಸಂಬಳದ ಚೀಟಿ ಕೇಳುತ್ತಾರೆ. ಹೊಸಬರ ಬಳಿ ಎರಡೂ ಇರುವುದಿಲ್ಲ. ಸಿಒಇ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲ ಮಂಜೂರಾತಿ ಪತ್ರ ಮೂರನ್ನೂ ಒಟ್ಟಿಗೆ ಕೊಡಿ. ಮನೆ ಸಿಕ್ಕಿದ ಮೇಲೆ ಕಂಡಿಷನ್ ರಿಪೋರ್ಟ್ ಬರುತ್ತದೆ, ಅಂದರೆ ಮನೆ ಯಾವ ಸ್ಥಿತಿಯಲ್ಲಿತ್ತು ಅನ್ನುವ ಪಟ್ಟಿ. ಕಾರ್ಪೆಟ್ಟಿನ ಕಲೆ, ಗೋಡೆಯ ಗೀರು, ಒಡೆದ ಟೈಲ್ ಎಲ್ಲದರ ಫೋಟೋ ತೆಗೆದು, ಬರೆದು, ಹೇಳಿದ ದಿನದೊಳಗೆ ವಾಪಸ್ ಕೊಡಿ. ಬಿಡುವಾಗ ಬಾಂಡ್ ವಾಪಸ್ ಬರುವುದು ಈ ಹಾಳೆಯ ಬಲದ ಮೇಲೆ.

ಅಡುಗೆಯವರಿಗೆ ಒಂದು ಮಾತು. ಒಗ್ಗರಣೆ ಹೊಗೆಗೆ ಅಲಾರಂ ಹೊಡೆದುಕೊಂಡರೆ ಕಿಟಕಿ ತೆಗೆಯಿರಿ, ಅಪಾರ್ಟ್‌ಮೆಂಟಿನ ಮುಂಬಾಗಿಲು ತೆಗೆಯಬೇಡಿ. ಹೊಗೆ ಕಾರಿಡಾರಿಗೆ ಹೋದರೆ ಇಡೀ ಕಟ್ಟಡದ ಅಲಾರಂ ಹೊಡೆದು ಅಗ್ನಿಶಾಮಕ ಗಾಡಿ ಬರುತ್ತದೆ. ಸುಳ್ಳು ಕರೆಯ ಬಿಲ್ ಸಾವಿರ ಡಾಲರ್ ದಾಟಬಹುದು, ಅದನ್ನು ಕೊನೆಗೆ ನಿಮ್ಮ ತಲೆಗೇ ಕಟ್ಟುತ್ತಾರೆ. ಎಕ್ಸಾಸ್ಟ್ ಫ್ಯಾನ್ ಹಾಕಿಯೇ ಎಣ್ಣೆ ಕಾಯಿಸಿ.

ಹಂತ 4: ಟಿಎಫ್‌ಎನ್ ತಗೊಳ್ಳಿ

ಟಿಎಫ್‌ಎನ್ ಅಂದರೆ ಒಂಬತ್ತಂಕಿಯ ತೆರಿಗೆ ಸಂಖ್ಯೆ, ನಮ್ಮ ಪ್ಯಾನ್ ಇದ್ದಂತೆ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆಯೇ ಅರ್ಜಿ ಹಾಕಬೇಕು. ತೆರಿಗೆ ಇಲಾಖೆಯಾದ ಎಟಿಒ ತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ಆಯಿತು, ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಮಧ್ಯವರ್ತಿಯದ್ದು, ಹೊರಬನ್ನಿ. ಸರ್ಕಾರಿ ತಾಣಗಳ ವಿಳಾಸ ಯಾವಾಗಲೂ "ಡಾಟ್ ಗವ್ ಡಾಟ್ ಎಯು" ಎಂದೇ ಮುಗಿಯುತ್ತದೆ.

ನಂಬರ್ ಅಂಚೆಯಲ್ಲಿ ಬರುತ್ತದೆ, 28 ದಿನದವರೆಗೂ ಹಿಡಿಯಬಹುದು. ಹಾಸ್ಟೆಲ್ ವಿಳಾಸ ಕೊಟ್ಟು ಎರಡು ವಾರದಲ್ಲಿ ಅಲ್ಲಿಂದ ಹೊರಟರೆ ಪತ್ರ ಅಲ್ಲೇ ಕೂತಿರುತ್ತದೆ. ನಂಬಿಕೆಯ ಪರಿಚಯದವರ ವಿಳಾಸ ಇದ್ದರೆ ಅದನ್ನೇ ಕೊಡಿ. ಈ ನಂಬರನ್ನು ಬ್ಯಾಂಕಿಗೆ, ಕೆಲಸ ಕೊಟ್ಟವರಿಗೆ ಮಾತ್ರ ತಿಳಿಸಿ. ಕೆಲಸಕ್ಕೆ ಅರ್ಜಿ ಹಾಕುವಾಗ ರೆಸ್ಯೂಮೆಯಲ್ಲಿ ಬರೆಯಬೇಡಿ.

ಹಂತ 5: ಯೂನಿವರ್ಸಿಟಿ

ತರಗತಿಗೆ ಮುಂಚಿನ ವಾರವನ್ನು ಒ-ವೀಕ್ ಅಂತಾರೆ, ಪರಿಚಯದ ವಾರ. ಬರೀ ಹಾಡು ಕುಣಿತ ಅಂದುಕೊಂಡು ತಪ್ಪಿಸಬೇಡಿ. ಲೈಬ್ರರಿ ತರಬೇತಿ, ವಿದ್ಯಾರ್ಥಿ ಕಾರ್ಡ್, ಟೈಮ್‌ಟೇಬಲ್ ಎಲ್ಲ ಆಗ ಆಗುತ್ತವೆ. ಟ್ಯುಟೋರಿಯಲ್ ಅಂದರೆ ಸಣ್ಣ ಗುಂಪಿನ ತರಗತಿ. ಅದರ ಹೊತ್ತನ್ನು ನೀವೇ ಆರಿಸಬೇಕು. ಬೇಗ ಆರಿಸಿದವರಿಗೆ ಒಳ್ಳೆ ಸಮಯ, ತಡ ಮಾಡಿದವರಿಗೆ ಶುಕ್ರವಾರ ಸಂಜೆ.

ಸೆನ್ಸಸ್ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಜನಗಣತಿಗೂ ಇದಕ್ಕೂ ಸಂಬಂಧ ಇಲ್ಲ. ಆ ದಿನಾಂಕದೊಳಗೆ ಒಂದು ವಿಷಯ ಬಿಟ್ಟರೆ ಅಂಕಪಟ್ಟಿಯಲ್ಲಿ ಫೇಲ್ ಅಂತ ಬೀಳುವುದಿಲ್ಲ. ಅದಾದ ಮೇಲೆ ಬಿಟ್ಟರೆ ಸಾಮಾನ್ಯವಾಗಿ ಫೀಸೂ ಹೋಯಿತು. ಆದರೆ ನಿಮ್ಮದು ವಿದ್ಯಾರ್ಥಿ ವೀಸಾ, ಕೋರ್ಸನ್ನು ಸಿಒಇಯಲ್ಲಿ ಬರೆದ ಅವಧಿಯೊಳಗೆ ಮುಗಿಸಬೇಕು. ಆದ್ದರಿಂದ ಬಿಡುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ. ಹಾಗೆಯೇ, ಮುಖ್ಯ ಕೋರ್ಸಿನ ಮೊದಲ ಆರು ತಿಂಗಳು ಮುಗಿಯುವ ಮುನ್ನ ಬೇರೆ ಸಂಸ್ಥೆಗೆ ಹಾರುವುದು ಸುಲಭವಿಲ್ಲ. ಈಗಿನ ಸಂಸ್ಥೆಯ ಒಪ್ಪಿಗೆ ಬೇಕಾಗುತ್ತದೆ. "ಅಗ್ಗದ ಕಾಲೇಜಿಗೆ ಹಾಕಿಸಿಕೊಡ್ತೀನಿ" ಅನ್ನುವ ಏಜೆಂಟರು ಇದನ್ನು ಹೇಳುವುದೇ ಇಲ್ಲ.

ನಮ್ಮಲ್ಲಿ ಪುಸ್ತಕದ ಸಾಲನ್ನು ಹಾಗೇ ಬರೆದರೆ ಜಾಸ್ತಿ ಮಾರ್ಕ್ಸ್. ಇಲ್ಲಿ ಅದೇ ಸಾಲಿಗೆ ಮೂಲ ಹೇಳದಿದ್ದರೆ ವಿಚಾರಣೆ. ಟರ್ನಿಟಿನ್ ಎಂಬ ತಂತ್ರಾಂಶ ಹೋಲಿಕೆಯನ್ನು ಹಿಡಿದು ತೋರಿಸುತ್ತದೆ. ಎಐ ಬಳಸಬಹುದೇ ಅನ್ನುವ ನಿಯಮ ವಿಷಯದಿಂದ ವಿಷಯಕ್ಕೆ ಬೇರೆ, ಆ ವಿಷಯದ ವಿವರ ಪತ್ರಿಕೆ ಓದಿಯೇ ಮುಂದುವರಿಯಿರಿ. ದುಡ್ಡು ಕೊಟ್ಟು ಅಸೈನ್‌ಮೆಂಟ್ ಬರೆಸಿಕೊಡುವವರು ನಿಮ್ಮ ಮೆಸೇಜ್ ಪೆಟ್ಟಿಗೆಗೇ ಬರುತ್ತಾರೆ. ಅಂಥ ವ್ಯಾಪಾರ 2020ರ ಕಾನೂನಿನಿಂದ ಅಪರಾಧವಾಗಿದೆ. ಬರೆಸಿಕೊಂಡ ಮೇಲೆ ಅವರೇ "ಯೂನಿವರ್ಸಿಟಿಗೆ ಹೇಳುತ್ತೇವೆ" ಎಂದು ಬೆದರಿಸಿ ಮತ್ತೆ ಮತ್ತೆ ದುಡ್ಡು ಕೀಳುವುದೂ ಇದೆ. ಆರೋಗ್ಯ ಕೆಟ್ಟರೆ, ಮನೆಯಲ್ಲಿ ತೊಂದರೆಯಾದರೆ ಗಡುವಿಗೆ ಮುಂಚೆ ಎಕ್ಸ್‌ಟೆನ್ಷನ್ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಯೂನಿವರ್ಸಿಟಿಯೇ ನಿಮ್ಮ ದೂರಿಗೆ ಕಿವಿಗೊಡದಿದ್ದರೆ 2025ರ ಫೆಬ್ರವರಿಯಿಂದ ನ್ಯಾಷನಲ್ ಸ್ಟೂಡೆಂಟ್ ಓಂಬುಡ್ಸ್‌ಮನ್ ಇದ್ದಾರೆ. ವಿದೇಶಿ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಬಹುದು, ಖರ್ಚಿಲ್ಲ.

ಹಂತ 6: ಕೆಲಸ

ಕೋರ್ಸ್ ಶುರುವಾಗುವ ಮುನ್ನ ಕೆಲಸ ಮಾಡುವಂತಿಲ್ಲ. ಬೇಗ ಬಂದು ದುಡಿಯೋಣ ಅನ್ನುವ ಲೆಕ್ಕ ಬಿಡಿ. ತರಗತಿ ನಡೆಯುವಾಗ ಹದಿನೈದು ದಿನಕ್ಕೆ, ಸರಿಯಾಗಿ ಹೇಳಬೇಕೆಂದರೆ 14 ದಿನಕ್ಕೆ, 48 ಗಂಟೆ ಮಿತಿ. 2023ರ ಜುಲೈ 1ರಿಂದ ಇದೇ ಲೆಕ್ಕ. ಅಧಿಕೃತ ರಜೆಯಲ್ಲಿ ಮಿತಿ ಇಲ್ಲ.

ಬಹಳ ಜನ ತಪ್ಪು ತಿಳಿಯುವುದು ಎಣಿಕೆಯನ್ನು. 14 ದಿನ ಯಾವುದೇ ಸೋಮವಾರದಿಂದ ಶುರುವಾಗಬಹುದು. ಮೊದಲ ವಾರ 20 ಗಂಟೆ, ಎರಡನೇ ವಾರ 28, ಮೂರನೇ ವಾರ 24 ಗಂಟೆ ದುಡಿದಿರಿ ಅಂದುಕೊಳ್ಳಿ. ಒಂದು ಮತ್ತು ಎರಡು ಸೇರಿದರೆ 48, ಸರಿ. ಎರಡು ಮತ್ತು ಮೂರು ಸೇರಿದರೆ 52, ಷರತ್ತು ಮುರಿದಂತೆ. ಎರಡು ಕಡೆ ಕೆಲಸ ಮಾಡಿದರೆ ಎರಡನ್ನೂ ಕೂಡಿಸಬೇಕು. ಫುಡ್ ಡೆಲಿವರಿಯೂ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ 24ರ ಮೇಲೆ ಹೋಗದಿದ್ದರೆ ತಲೆನೋವೇ ಇಲ್ಲ.

ಕನಿಷ್ಠ ಕೂಲಿಯನ್ನು ಪ್ರತಿ ಜುಲೈ 1ಕ್ಕೆ ಏರಿಸುತ್ತಾರೆ. 2025ರ ಜುಲೈನಲ್ಲಿ ಅದು ಗಂಟೆಗೆ 24.95 ಡಾಲರ್ ಆಯಿತು. ಕ್ಯಾಶುಯಲ್, ಅಂದರೆ ರಜೆ ಸೌಲಭ್ಯ ಇಲ್ಲದ ಕೆಲಸಕ್ಕೆ ಅದರ ಮೇಲೆ 25% ಸೇರುತ್ತದೆ. 21 ವರ್ಷ ತುಂಬದವರಿಗೆ ದರ ಕಮ್ಮಿ ಇರಬಹುದು. ಜೊತೆಗೆ 18 ದಾಟಿದವರಿಗೆ ಸಂಬಳದ 12% ಮೊತ್ತವನ್ನು ಮಾಲೀಕರು ಸೂಪರ್ ಎನ್ನುವ ನಿವೃತ್ತಿ ನಿಧಿಗೆ ಹಾಕಬೇಕು. ದೇಶ ಬಿಟ್ಟು ಹೋದ ಮೇಲೆ ತೆರಿಗೆ ಕಳೆದು ಅದನ್ನು ವಾಪಸ್ ಪಡೆಯಬಹುದು.

"ಕೈಗೆ ಕ್ಯಾಶ್ ಕೊಡ್ತೀವಿ, ಗಂಟೆಗೆ 15" ಅನ್ನುವ ಕಡೆ ಹೋಗಬೇಡಿ. ನಮ್ಮವರೇ ನಡೆಸುವ ಅಂಗಡಿ ಹೋಟೆಲ್‌ಗಳಲ್ಲೂ ಈ ಮಾತು ಕೇಳಿಬರುತ್ತದೆ, ಬೇಜಾರಾದರೂ ಹೇಳಲೇಬೇಕು. ಪುಗಸಟ್ಟೆ ಟ್ರಯಲ್ ಅಂತ ಇಡೀ ದಿನ ದುಡಿಸಿಕೊಳ್ಳುವುದು ಕಾನೂನುಬಾಹಿರ. ನಿಮಗೆ ಕೆಲಸ ಬರುತ್ತದೆಯೇ ಎಂದು ನೋಡಲು ಬೇಕಾದಷ್ಟು ಹೊತ್ತು ಮಾತ್ರ ನಡೆಯುತ್ತದೆ. ಅಂಗಡಿಯ ಒಳಗೆ ಅವರು ಹೇಳಿದ ಹೊತ್ತಿಗೆ, ಹೇಳಿದ ಕೆಲಸ ಮಾಡುವವರಿಗೆ ಎಬಿಎನ್ ಮಾಡಿಸು ಅಂದರೂ ಎಚ್ಚರ. ಎಬಿಎನ್ ಸ್ವಂತ ವ್ಯವಹಾರ ಮಾಡುವವರ ಸಂಖ್ಯೆ. ಅದನ್ನು ಹಿಡಿಸಿದರೆ ಸೂಪರ್ ಇಲ್ಲ, ಕನಿಷ್ಠ ಕೂಲಿಯ ರಕ್ಷಣೆಯೂ ತಪ್ಪುತ್ತದೆ.

ಸಂಬಳ ಕಮ್ಮಿ ಕೊಟ್ಟರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಗೆ 13 13 94ರಲ್ಲಿ ಕರೆ ಮಾಡಿ. "ದೂರು ಕೊಟ್ಟರೆ ವೀಸಾ ರದ್ದು ಮಾಡಿಸ್ತೀನಿ" ಅಂತ ಮಾಲೀಕ ಹೆದರಿಸಬಹುದು. ಆ ಅಧಿಕಾರ ಅವನಿಗಿಲ್ಲ. ಪೇಸ್ಲಿಪ್‌ಗಳನ್ನು, ನಿಮ್ಮ ಗಂಟೆಗಳ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿರಿ.

ನನ್ನ ಕೇಳಿದರೆ ಮೊದಲ ನಾಲ್ಕು ವಾರ ಕೆಲಸದ ಹಿಂದೆ ಓಡಬೇಡಿ. ಎರಡು ತಿಂಗಳ ಖರ್ಚಿಗೆ ದುಡ್ಡು ಇಟ್ಟುಕೊಂಡೇ ಬನ್ನಿ. ಅದಿಲ್ಲದವರೇ ಗಂಟೆಗೆ 15ರ ಕೆಲಸಕ್ಕೆ ಒಪ್ಪಿಕೊಳ್ಳುವುದು.

ಹಂತ 7: ಮೈ ಹುಷಾರು ತಪ್ಪಿದರೆ

ಭಾರತೀಯ ವಿದ್ಯಾರ್ಥಿಗಳಿಗೆ ಸರ್ಕಾರದ ಆರೋಗ್ಯ ಯೋಜನೆಯಾದ ಮೆಡಿಕೇರ್ ಇಲ್ಲ, ಒಎಸ್‌ಎಚ್‌ಸಿಯೇ ಆಧಾರ. ಜ್ವರ, ಕೆಮ್ಮಿಗೆ ಸೀದಾ ಆಸ್ಪತ್ರೆಗೆ ಹೋಗಬೇಡಿ. ಜಿಪಿ ಎನ್ನುವ ಸಾಮಾನ್ಯ ವೈದ್ಯರ ಬಳಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ನಿಮ್ಮ ವಿಮೆ ಕಂಪನಿಗೆ ನೇರವಾಗಿ ಬಿಲ್ ಮಾಡುವ ಕ್ಲಿನಿಕ್ ಯಾವುದು ಎಂದು ಮೊದಲೇ ಹುಡುಕಿಡಿ. ಕ್ಯಾಂಪಸ್ ಕ್ಲಿನಿಕ್‌ನಲ್ಲಿ ಹೆಚ್ಚಾಗಿ ಈ ಏರ್ಪಾಡು ಇರುತ್ತದೆ. ಬರುವ ಮುಂಚೆಯೇ ಇದ್ದ ಕಾಯಿಲೆಗೆ 12 ತಿಂಗಳ ಕಾಯುವ ಅವಧಿ ಇರುತ್ತದೆ, ಪಾಲಿಸಿ ಓದಿ. ರಾತ್ರಿ ಹೊತ್ತು ಏನು ಮಾಡಬೇಕು ಎಂದು ಗೊತ್ತಾಗದಿದ್ದರೆ ಹೆಲ್ತ್‌ಡೈರೆಕ್ಟ್‌ನ 1800 022 222ರಲ್ಲಿ ನರ್ಸ್ ಸಿಗುತ್ತಾರೆ. ಜೀವಕ್ಕೆ ಅಪಾಯ, ಬೆಂಕಿ, ಪೊಲೀಸ್ ಎಲ್ಲಕ್ಕೂ 000.

ಮೂರನೇ ವಾರದ ಹೊತ್ತಿಗೆ ಹೊಸತನ ಇಳಿದು ಮನಸ್ಸು ಭಾರವಾಗುವುದು ತುಂಬಾ ಜನರಿಗೆ ಆಗುತ್ತದೆ. ಯೂನಿವರ್ಸಿಟಿಯ ಕೌನ್ಸೆಲಿಂಗ್ ಉಚಿತ. ತಡೆಯಲಾಗದಷ್ಟು ಕಷ್ಟ ಅನ್ನಿಸಿದರೆ ಲೈಫ್‌ಲೈನ್ 13 11 14, ದಿನವಿಡೀ ಇರುತ್ತದೆ. ಸಿಡ್ನಿ ಕನ್ನಡ ಸಂಘ, ಮೆಲ್ಬರ್ನ್ ಕನ್ನಡ ಸಂಘಗಳ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳಿಗೆ ಒಮ್ಮೆ ಹೋಗಿಬನ್ನಿ. ಸೋನಾ ಮಸೂರಿ, ರಾಗಿ ಹಿಟ್ಟಿಗೆ ಸಿಡ್ನಿಯವರಿಗೆ ಹ್ಯಾರಿಸ್ ಪಾರ್ಕ್, ಮೆಲ್ಬರ್ನಿನವರಿಗೆ ಡ್ಯಾಂಡಿನಾಂಗ್ ಇದೆ.

ಬೀಚಿನ ಬಗ್ಗೆ ತಮಾಷೆ ಬೇಡ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಮೇಲೆ ಶಾಂತವಾಗಿ ಕಾಣುವ ಜಾಗದಲ್ಲೇ ಒಳಸೆಳೆತ ಇರಬಹುದು. ಕೆರೆಯಲ್ಲಿ, ಹೊಳೆಯಲ್ಲಿ ಈಜಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಂತ 8: ಮೋಸದ ಕರೆಗಳು

ಹೊಸ ಸಿಮ್ ಹಾಕಿದ ಕೆಲವೇ ದಿನಕ್ಕೆ ಶುರುವಾಗಬಹುದು. "ತೆರಿಗೆ ಬಾಕಿ ಇದೆ, ಈಗಲೇ ಕಟ್ಟದಿದ್ದರೆ ಅರೆಸ್ಟ್", "ನಿಮ್ಮ ವೀಸಾದಲ್ಲಿ ದೋಷ ಇದೆ" ಇತ್ಯಾದಿ. ಎಟಿಒ ಆಗಲಿ, ವೀಸಾ ನೋಡಿಕೊಳ್ಳುವ ಹೋಂ ಅಫೇರ್ಸ್ ಇಲಾಖೆಯಾಗಲಿ ಗಿಫ್ಟ್ ಕಾರ್ಡ್‌ನಲ್ಲಿ ದುಡ್ಡು ಕೇಳುವುದಿಲ್ಲ. ಫೋನ್ ಇಟ್ಟು, ಇಲಾಖೆಯ ತಾಣದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ.

"ನನಗೆ ಡಾಲರ್ ಹಾಕು, ನಿಮ್ಮಪ್ಪನ ಖಾತೆಗೆ ರೂಪಾಯಿ ಹಾಕ್ತೀನಿ, ರೇಟ್ ಒಳ್ಳೇದು" ಅನ್ನುವ ವಿದ್ಯಾರ್ಥಿ ಗುಂಪಿನ ಸಂದೇಶಗಳನ್ನೂ ನಂಬಬೇಡಿ. ಆ ದುಡ್ಡು ಎಲ್ಲಿಂದ ಬಂತು ಅನ್ನುವ ತನಿಖೆ ನಿಮ್ಮ ಮನೆಬಾಗಿಲಿಗೆ ಬರುತ್ತದೆ. ಬ್ಯಾಂಕ್ ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ. ಓದು ಮುಗಿಸಿ ಹೊರಡುವಾಗ ಖಾತೆ ಮಾರಿ ಹೋಗುವುದೂ ಅಪರಾಧ.

ಕೊನೆಗೆ ಗಡಿಯಾರ. ಸಿಡ್ನಿ, ಮೆಲ್ಬರ್ನ್ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಐದೂವರೆ. ಬ್ರಿಸ್ಬೇನಿನಲ್ಲಿ ವರ್ಷವಿಡೀ ನಾಲ್ಕೂವರೆ, ಪರ್ತ್‌ನಲ್ಲಿ ಎರಡೂವರೆ. ಫೋನ್ ತಾನಾಗಿಯೇ ಸರಿಮಾಡಿಕೊಳ್ಳುತ್ತದೆ. ಊರಿನಲ್ಲಿ ನಿಮ್ಮ ಕರೆಗೆ ಕಾಯುವವರಿಗೆ ಮಾತ್ರ ಆ ಭಾನುವಾರಕ್ಕೆ ಮುಂಚೆಯೇ ಹೇಳಿಡಿ.